ದನದ ಜಾತಕದ ಆಫೀಸಿನಲ್ಲಿ ನಾನು ಸೋತ ವಾದ

ಶಿವನಿಯ ಕಾಂಪೌಂಡರ್ ಓಂಕಾರಪ್ಪನವರ ಕೆಲಸವನ್ನು ಕಂಪ್ಯೂಟರ್ ಉಳಿಸಿತು ಎಂದು ನಮ್ಮ ಆಫೀಸಿನವರು ಇವತ್ತಿಗೂ ಹೇಳುತ್ತಾರೆ. ನನ್ನ ಬೀಳ್ಕೊಡುಗೆಯ ದಿನ ಮಾತಾಡಿದ ಮೂವರೂ ಅದನ್ನೇ ಹೇಳಿದರು. ಮೂರನೆಯವರಂತೂ, ಆ ಸಂಗತಿ ನಡೆದ ಮಾರನೇ ದಿನ ನಾನು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕೈಮುಗಿದೆ ಎಂದೂ ಸೇರಿಸಿದರು. ನಾನು ಯಾವ ಯಂತ್ರಕ್ಕೂ ಕುಂಕುಮ ಹಚ್ಚಿದವಳಲ್ಲ. ಅದು ಹೋಗಲಿ. ಓಂಕಾರಪ್ಪನವರ ಕೆಲಸಕ್ಕೆ ಕುತ್ತು ತಂದವರು ಯಾರು ಎಂದು ಅವರಲ್ಲಿ ಒಬ್ಬರಾದರೂ ಕೇಳಿದರೇ? ಅದೇ ಕಂಪ್ಯೂಟರ್. ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದರ ಮುಂದೆ ಕೂತಿದ್ದ ನಾನು. ಉಳಿಸಿದ್ದು ಯಾವುದು ಎಂದರೆ, ನಾನು ಪೂರಾ ತಯಾರಿ ಮಾಡಿಕೊಂಡು ಹೋಗಿ ಸೋತುಬಂದ ಒಂದು ವಾದ. ಮೂವತ್ತು ವರ್ಷ ಕಳೆದರೂ ಆ ಸೋಲು ನೆನಪಾದಾಗ ನನಗೆ ಎದೆಯ ಮೇಲಿನ ಭಾರ ಇಳಿದಂತಾಗುತ್ತದೆ. ಗೆದ್ದಿದ್ದರೆ ಇದನ್ನು ಬರೆಯುವ ಮುಖ ನನಗೆ ಇರುತ್ತಿರಲಿಲ್ಲ.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಪ್ರೋಗ್ರಾಮಿನ ಹೊಟ್ಟೆಯೊಳಗೇ ಇಟ್ಟುಕೊಳ್ಳುವ ಚಿಕ್ಕ ಡೇಟಾಬೇಸನ್ನು ಆರಿಸುವಾಗ ನೀವು ಯಾವುದು ಬೇಗ, ಯಾವುದು ಹಗುರ ಎಂದು ನೋಡುತ್ತೀರಿ. ನಾನೂ ಅದನ್ನೇ ನೋಡಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಡೂರಿನಲ್ಲಿ ಒಂದು ಬಾಡಿಗೆ ಕಟ್ಟಡದಲ್ಲಿ ನಮ್ಮ ಆಫೀಸು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಊರುಗಳಲ್ಲಿ ಯಾವ ಹಸು ಯಾವ ಹಸುವಿನ ಮಗಳು, ಯಾವ ಹೋರಿಗೆ ಹುಟ್ಟಿದ್ದು ಎಂದು ಬರೆದಿಡುವುದು ನಮ್ಮ ಯೋಜನೆ. ಅಪ್ಪನ ಹೋರಿಯ ವೀರ್ಯವೇ ಮಗಳಿಗೆ ಬೀಳಬಾರದು, ಬಿದ್ದರೆ ತಳಿ ಕೆಡುತ್ತದೆ. ಹಳ್ಳಿಯವರು ನಮ್ಮನ್ನು ಕರೆಯುತ್ತಿದ್ದದ್ದು ದನದ ಜಾತಕದ ಆಫೀಸಿನವರು ಎಂದು. ಮೊದಲ ದಿನವೇ ನಾನು ಇದನ್ನೆಲ್ಲ ಪ್ರಶ್ನಿಸಿದೆ. ದನಕ್ಕೆ ಇಷ್ಟು ವಂಶಾವಳಿ ಯಾಕೆ ಎಂದೆ. ಹೆಡ್ ಗುಮಾಸ್ತ ಮರುಳಸಿದ್ದಯ್ಯನವರು ಕನ್ನಡಕದ ಮೇಲಿಂದ ನೋಡಿ, ಒಂದೇ ಬೆಡಗು, ಒಂದೇ ಗೋತ್ರದೊಳಗೆ ಮದುವೆ ಮಾಡುತ್ತಾರೇನಮ್ಮಾ ಎಂದು ಕೇಳಿ ಮತ್ತೆ ಬರೆಯತೊಡಗಿದರು. ಎಪ್ಪತ್ತರ ದಶಕದಲ್ಲಿ ಯೋಜನೆ ಶುರುವಾದಾಗಿನಿಂದ ರಿಜಿಸ್ಟರುಗಳೆಲ್ಲ ಅವರ ಕೈಬರಹದಲ್ಲೇ ಇದ್ದವು.

ನನ್ನ ಪರಿಚಯ ಎರಡು ಸಾಲು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಎರಡರಲ್ಲೂ ಗೆದ್ದು ಬಂದವಳು. ಗಣಿತದಲ್ಲಿ ಬಿ.ಎಸ್ಸಿ., ಮೇಲೊಂದು ಪ್ರೋಗ್ರಾಮಿಂಗ್ ಕೋರ್ಸು. ಯಾರು ಏನು ಹೇಳಿದರೂ ‘ಅದಕ್ಕೆ ಆಧಾರ?’ ಎಂದು ಕೇಳುವುದು ನನಗೆ ಅಂಟಿದ ಚಟ. ನನ್ನ ತಾಯಿ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೂ ಕೇಳುತ್ತಿದ್ದೆ.

ಕಂಪ್ಯೂಟರ್ ಬಂದಾಗ ಅದಕ್ಕೊಂದು ಕೋಣೆ ಬಿಟ್ಟರು. ಚಪ್ಪಲಿ ಹೊರಗೆ ಬಿಡಬೇಕು, ಕಿಟಕಿ ತೆಗೆಯುವ ಹಾಗಿಲ್ಲ. ಕೋಣೆ ಎಷ್ಟು ತಂಪಾಗಿತ್ತೆಂದರೆ, ಬೇಸಿಗೆಯಲ್ಲಿ ಯೋಜನಾಧಿಕಾರಿಯಾಗಿದ್ದ ಪಶುವೈದ್ಯರು, ಎಲ್ಲರೂ ‘ಡಾಕ್ಟ್ರು’ ಎನ್ನುತ್ತಿದ್ದವರು, ಯಾವುದಾದರೊಂದು ನೆಪ ಮಾಡಿಕೊಂಡು ಮಧ್ಯಾಹ್ನದ ಹೊತ್ತು ಅಲ್ಲೇ ಬಂದು ಕೂರುತ್ತಿದ್ದರು. ಮಾಹಿತಿಯೆಲ್ಲ ಅಂಗೈ ಅಗಲದ ಬಾಗುವ ಫ್ಲಾಪಿಗಳಲ್ಲಿ. ಎಂಟು ಕೇಂದ್ರಗಳಿಗೆ ಎಂಟು ಫ್ಲಾಪಿ: ಕಡೂರು, ತರೀಕೆರೆ, ಚೌಳಹಿರಿಯೂರು, ಲಕ್ಕವಳ್ಳಿ, ಶಿವನಿ, ಹೀಗೆ. ದೊಡ್ಡ ಊರಿನ ಆಫೀಸುಗಳಲ್ಲಿದ್ದಂತೆ ಡೇಟಾಬೇಸಿಗೆ ಬೇರೆ ಯಂತ್ರ, ಅದನ್ನು ಕಾಯಲು ಬೇರೆ ಮನುಷ್ಯ, ಇವೆಲ್ಲ ನಮಗೆ ಇರಲಿಲ್ಲ. ಪ್ರೋಗ್ರಾಮು ಮತ್ತು ಅದರ ಮಾಹಿತಿ ಒಟ್ಟಿಗೇ ಇರಬೇಕು, ಫ್ಲಾಪಿಗೆ ಹಿಡಿಸಬೇಕು, ತರೀಕೆರೆಗೆ ಬಸ್ಸಿನಲ್ಲಿ ಹೋಗಿಬಂದರೂ ಹಾಳಾಗಬಾರದು.

ನಮ್ಮ ಮುಂದೆ ಎರಡು ದಾರಿ ಇದ್ದವು. ಮೊದಲನೆಯದು ಆಗ ಊರೂರಲ್ಲಿ ಎಲ್ಲರೂ ಬಳಸುತ್ತಿದ್ದ ಪ್ಯಾಕೇಜು. ಅದರಲ್ಲಿ ಮಾಹಿತಿ ಸಾಲುಸಾಲಾಗಿ ಕೂರುತ್ತದೆ, ಯಾವುದು ಎಲ್ಲಿದೆ ಎಂದು ಹೇಳುವ ಸೂಚಿ ಬೇರೆ ಫೈಲಿನಲ್ಲಿರುತ್ತದೆ. ನಿಧಾನ. ಎರಡನೆಯದು ನಾನು ಕೋರ್ಸಿನಲ್ಲಿ ಕಲಿತುಬಂದದ್ದು: ಪ್ರೋಗ್ರಾಮಿನ ಜೊತೆ ಹೆಣೆದುಕೊಳ್ಳುವ, ಒಂದು ಸಂಖ್ಯೆಗೆ ಒಂದೇ ದಾಖಲೆ ಎಂದು ಹಟ ಹಿಡಿಯುವ, ಕೇಳಿದ್ದನ್ನು ಕಣ್ಣುಮುಚ್ಚಿ ತೆರೆಯುವುದರಲ್ಲಿ ಕೊಡುವ ಪ್ಯಾಕೇಜು. ನನ್ನ ಮತ ಎರಡನೆಯದಕ್ಕೆ.

ಡಾಕ್ಟ್ರ ಕೋಣೆಯಲ್ಲಿ ವಾದ ನಡೆಯಿತು. ನಾನು ಹಿಂದಿನ ವಾರವಿಡೀ ಎರಡನ್ನೂ ಪರೀಕ್ಷಿಸಿ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಸಾವಿರ ಹಸುವಿನಲ್ಲಿ ಒಂದನ್ನು ಹುಡುಕಲು ಯಾವುದಕ್ಕೆ ಎಷ್ಟು ಹೊತ್ತು ಎಂದು ಓದಿದೆ. ಪ್ಲಗ್ ಕಿತ್ತು ನೋಡಿದ್ದನ್ನೂ ಹೇಳಿದೆ, ಏಕೆಂದರೆ ಕಡೂರಿನಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಮೊದಲನೆಯದರ ಸೂಚಿ ಕೆಟ್ಟು, ಮತ್ತೆ ಕಟ್ಟಲು ಇಪ್ಪತ್ತು ನಿಮಿಷ ಬೇಕಾಯಿತು. ಎರಡನೆಯದು ಏನೂ ಆಗದವರ ಹಾಗೆ ಎದ್ದು ಕೂತಿತು. ಡಾಕ್ಟ್ರು ತಲೆಯಾಡಿಸಿದರು. ತೀರ್ಪುಗಾರರ ಮುಖ ಓದಲು ಬರುವವಳಿಗೆ ಗೆದ್ದೆ ಎಂದು ಗೊತ್ತಾಗಿ ಹೋಗಿತ್ತು.

ಮೂಲೆಯಲ್ಲಿ ಕೂತಿದ್ದ ಮರುಳಸಿದ್ದಯ್ಯನವರು ಆಗ ಬಾಯಿ ತೆರೆದರು.

“ಅಲ್ಲಮ್ಮಾ, ಒಂದು ಎಂಟ್ರಿ ತಪ್ಪಾಯ್ತು, ತಿದ್ದಿದ್ವಿ ಅನ್ಕೋ. ಹಳೇದು ಎಲ್ಲಿರ್ತದೆ?”

“ಎಲ್ಲೂ ಇರಲ್ಲ ಸಾರ್. ಅದರ ಜಾಗದಲ್ಲೇ ಹೊಸದು ಕೂರತ್ತೆ. ಅದೇ ಇದರ ಹೆಚ್ಚುಗಾರಿಕೆ.”

“ಆ ಇನ್ನೊಂದರಾಗೆ?”

“ಅದರಲ್ಲಿ ಅಳಿಸಿದ ಸಾಲಿನ ಪಕ್ಕ ಒಂದು ನಕ್ಷತ್ರದ ಗುರುತು ಬೀಳತ್ತೆ, ಅಷ್ಟೆ. ಪ್ಯಾಕ್ ಅಂತ ಒಂದು ಆಜ್ಞೆ ಕೊಟ್ಟು ಗುಡಿಸೋವರೆಗೂ ಸಾಲು ಹಂಗೇ ಬಿದ್ದಿರತ್ತೆ. ಕಸ.”

“ಕಸ ಅಲ್ಲ ಕಣಮ್ಮಾ. ನಾವು ಕೆಂಪು ಗೆರೆ ಎಳೀತೀವಲ್ಲ, ಅದು.”

ಅವರ ರಿಜಿಸ್ಟರಿನಲ್ಲಿ ರಬ್ಬರ್ ಹಚ್ಚುವುದಾಗಲಿ ಬ್ಲೇಡಿನಿಂದ ಕೆರೆಯುವುದಾಗಲಿ ನಿಷಿದ್ಧ. ತಪ್ಪಾದರೆ ಕೆಂಪು ಮಸಿಯಲ್ಲಿ ಒಂದು ಗೆರೆ, ಕೆಳಗಿನ ಅಕ್ಷರ ಓದುವಂತೆ. ಪಕ್ಕದಲ್ಲಿ ಸಹಿ, ತಾರೀಖು. ಅದು ಕಾಗದದ ಕಾಲದ ಶಿಸ್ತು, ಯಂತ್ರಕ್ಕೆ ಅನ್ವಯಿಸುವುದಿಲ್ಲ ಎಂದು ನಾನು ಐದು ನಿಮಿಷ ಮಾತಾಡಿದೆ. ತುಂಬ ಚೆನ್ನಾಗಿಯೇ ಮಾತಾಡಿದೆ. ಮರುಳಸಿದ್ದಯ್ಯನವರು ವಾದಕ್ಕೆ ಇಳಿಯಲೇ ಇಲ್ಲ. ಹಳೇದು ಕಾಣದ ರಿಜಿಸ್ಟರಿಗೆ ತಾವು ಸಹಿ ಹಾಕುವುದಿಲ್ಲ, ಬೇಕಾದರೆ ಡಾಕ್ಟ್ರು ಹಾಕಲಿ ಎಂದರು. ಡಾಕ್ಟ್ರಿಗೆ ಸಹಿ ಹಾಕುವ ಉತ್ಸಾಹ ಇರಲಿಲ್ಲ. ಮೊದಲನೆಯ ಪ್ಯಾಕೇಜೇ ಆಗಲಿ ಎಂದು ಮುಗಿಸಿದರು. ಜೊತೆಗೆ ಪ್ರತಿ ದಾಖಲೆಗೂ ‘ಬರೆದ ತಾರೀಖು’ ಎಂಬ ಕಾಲಂ ಇರಬೇಕೆಂಬ ಮರುಳಸಿದ್ದಯ್ಯನವರ ಷರತ್ತು. ಫ್ಲಾಪಿಯಲ್ಲಿ ಎಂಟು ಅಕ್ಷರದ ಜಾಗ ದಂಡ ಎಂದು ನಾನು ಗೊಣಗಿಕೊಂಡೇ ಸೇರಿಸಿದೆ.

ಹೀಗೆ ಸೋತವಳು ಸುಮ್ಮನಿರುತ್ತಾಳೆಯೇ? ಪ್ಯಾಕೇಜು ಅವರದಾದರೂ ಪ್ರೋಗ್ರಾಮು ನನ್ನದು. ಒಂದು ಬಿಲ್ಲೆಗೆ ಒಂದೇ ಹಸು ಎಂಬ ನಿಯಮವನ್ನು ನಾನೇ ಅದರೊಳಗೆ ಬರೆದೆ. ಬಿಲ್ಲೆ ಎಂದರೆ ಹಸುವಿನ ಕಿವಿಗೆ ತಂತಿಯ ಉಂಗುರದಲ್ಲಿ ಹಾಕುವ, ಸಂಖ್ಯೆ ಕೊರೆದ ಹಿತ್ತಾಳೆ ತುಣುಕು. ಅದೇ ಸಂಖ್ಯೆಗೆ ಹೊಸ ಫಾರಂ ಬಂದರೆ ಹಳೆಯದು ತಪ್ಪೆಂದು ತಿಳಿದು ಅಳಿಸು, ಹೊಸದನ್ನು ಬರೆ. ಕರು ಹಾಕಿದ ವರದಿಗಳು ಮಾತ್ರ ಬೇರೆಯಾಗಿ, ಬಿಲ್ಲೆಯ ಸಂಖ್ಯೆಯ ಕೆಳಗೇ ಸೇರುತ್ತ ಹೋಗುತ್ತಿದ್ದವು. ಇನ್ನೊಂದು ಜಾಣತನವನ್ನೂ ಮಾಡಿದ್ದೆ. ಕೆಲವು ಫಾರಂಗಳಲ್ಲಿ ಹಸುವಿನ ಸಂಖ್ಯೆ ಮತ್ತು ತಾಯಿಯ ಸಂಖ್ಯೆ ಎರಡೂ ಒಂದೇ ಇರುತ್ತಿದ್ದವು. ತನಗೆ ತಾನೇ ತಾಯಿಯಾಗುವ ಹಸು ಎಲ್ಲಿಯಾದರೂ ಉಂಟೇ? ಹಾಗೆ ಬಂದರೆ ತಾಯಿಯ ಕಾಲಮ್ಮನ್ನು ಖಾಲಿ ಮಾಡು ಎಂದು ಬರೆದೆ. ಕೆಲಸ ಸರಾಗವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಎಲ್ಲವೂ ಯಂತ್ರದಲ್ಲಿದೆಯಲ್ಲ ಎಂದು ಡಾಕ್ಟ್ರನ್ನು ಒಪ್ಪಿಸಿ ಹಳೆಯ ಫಾರಂಗಳ ಮೂಟೆಗಳನ್ನು ರದ್ದಿಗೆ ಹಾಕಿಸಿದೆ. ಮರುಳಸಿದ್ದಯ್ಯನವರು ಆ ದಿನ ರಜೆಯಲ್ಲಿದ್ದರು. ಇದ್ದಿದ್ದರೆ ಮೂಟೆಯ ಮೇಲೆ ಕೂರುತ್ತಿದ್ದರು.

ಆಮೇಲೆ ನಾನೊಂದು ತಪಾಸಣೆಯ ಪಟ್ಟಿ ಬರೆಸಿದೆ: ಎರಡು ಹೆರಿಗೆಯ ನಡುವೆ ಆಗಬೇಕಾದಷ್ಟು ಕಾಲ ಆಗದ ಹಸುಗಳನ್ನೆಲ್ಲ ತೋರಿಸು. ಹಸು ಗಬ್ಬವಾಗಿರುವುದು ಒಂಬತ್ತು ತಿಂಗಳ ಮೇಲೆ. ಐದು ತಿಂಗಳಲ್ಲಿ ಎರಡು ಕರು ಎಂದರೆ ಬರೆದವರು ಕೂತಲ್ಲೇ ಕಟ್ಟಿದ ಕಥೆ ಎಂದೇ ಅರ್ಥ. ಬೇರೆ ಕೇಂದ್ರಗಳಲ್ಲಿ ಒಂದೆರಡು, ನಾಲ್ಕಾರು ಬಂದವು. ಶಿವನಿಯದು ಮುದ್ರಣಯಂತ್ರ ಕಿರ್ರೆನ್ನುತ್ತ ಒಂದು ಹಾಳೆ ತುಂಬಿಸಿ ಎರಡನೆಯದಕ್ಕೆ ಹೋಯಿತು. ಮೊದಲ ಸಾಲಿನಲ್ಲೇ 412ನೇ ಹಸು, ಸಂಕ್ರಾಂತಿಯ ಹೊತ್ತಿಗೆ ಒಂದು ಕರು, ಮುಂಗಾರಿಗೆ ಇನ್ನೊಂದು.

ಶಿವನಿ ಕೇಂದ್ರದ ಕಾಂಪೌಂಡರ್ ಓಂಕಾರಪ್ಪ. ಹನ್ನೊಂದು ವರ್ಷದಿಂದ ಹಂಗಾಮಿ. ಸೈಕಲ್ಲಿನ ಹಿಂದೆ ವೀರ್ಯದ ಡಬ್ಬ ಕಟ್ಟಿಕೊಂಡು ಊರೂರು ತಿರುಗುವ, ಹೆಚ್ಚು ಮಾತಿಲ್ಲದ ಮನುಷ್ಯ. ಆ ವರ್ಷ ಹಂಗಾಮಿಗಳನ್ನು ಖಾಯಂ ಮಾಡುವ ಆದೇಶ ಬರುವುದಿತ್ತು, ಅದರ ಪಟ್ಟಿಯಲ್ಲಿ ಅವರ ಹೆಸರಿತ್ತು. ಸುಳ್ಳು ವರದಿ ಎಂದು ಒಂದು ಷರಾ ಬಿದ್ದರೆ ಖಾಯಂ ಮಾತಿರಲಿ, ಇದ್ದ ಕೆಲಸವೂ ಹೋಗುತ್ತಿತ್ತು. ನಾಲ್ವತ್ತರ ಆಸುಪಾಸಿನಲ್ಲಿ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ? ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಪಟ್ಟಿಯನ್ನು ಡಾಕ್ಟ್ರ ಮೇಜಿನ ಮೇಲಿಟ್ಟೆ. ಸತ್ಯ ಸತ್ಯವೇ ಎಂಬುದು ಆಗಿನ ನನ್ನ ನಿಲುವು.

ವಿಚಾರಣೆಯಲ್ಲಿ ಯಂತ್ರದ ಪರ ಮಾತಾಡಲು ಡಾಕ್ಟ್ರು ನನಗೇ ಹೇಳಿದರು. ಎದುರಾಳಿಗೆ ವಿವರಿಸಲು ಬಿಡಬಾರದು, ಹೌದು-ಇಲ್ಲಗಳ ಸಂದಿಯಲ್ಲಿ ಸಿಕ್ಕಿಸಬೇಕು ಎಂಬುದು ಚರ್ಚಾಪಟುಗಳಿಗೆ ಮೊದಲು ಹೇಳಿಕೊಡುವ ಪಾಠ. ಓಂಕಾರಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಚಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಹೌದು ಅಥವಾ ಇಲ್ಲ, ಅಷ್ಟೇ ಹೇಳಿ. ಒಂದು ಹಸು ಐದು ತಿಂಗಳಲ್ಲಿ ಎರಡು ಸಲ ಕರು ಹಾಕುತ್ತದಾ?”

“ಇಲ್ಲ ಮೇಡಂ.”

“ಈ ಹಾಳೆಯಲ್ಲಿರೋ ವರದಿಯೆಲ್ಲ ನೀವು ಕಳಿಸಿದ್ದೇ ತಾನೇ?”

“ಹೌದು ಮೇಡಂ.”

“ಹಾಗಾದರೆ?”

ಅವರು ಹಾಳೆಯನ್ನು ಇಸಿದುಕೊಂಡು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಒಂದೊಂದು ಸಂಖ್ಯೆಯನ್ನೂ ಗುರುತು ಹಿಡಿಯುತ್ತಿದ್ದಾರೆ ಎಂದು ಈಗ ಅನ್ನಿಸುತ್ತದೆ. ಆಗ, ಸಮಯ ತಳ್ಳುತ್ತಿದ್ದಾರೆ ಎಂದುಕೊಂಡೆ.

“ಪಟ್ಟಿನಾಗೆ ಹಂಗೈತಲ್ಲ ಮೇಡಂ,” ಎಂದು ಹಾಳೆ ವಾಪಸು ಕೊಟ್ಟರು. ಅಷ್ಟೇ.

ಆದೇಶ ಬರುವತನಕ ಮನೆಯಲ್ಲಿರಿ ಎಂದು ಡಾಕ್ಟ್ರು ಅವರನ್ನು ಕಳಿಸಿದರು. ಮರುಳಸಿದ್ದಯ್ಯನವರು ಆ ಸಂಜೆಯೇ ಶಿವನಿಯ ಫ್ಲಾಪಿಯನ್ನು ಕಂದು ಲಕೋಟೆಯೊಳಗೆ ಹಾಕಿ, ಅಂಟಿಸಿ, ಅರಗು ಒತ್ತಿ, ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ವಿಚಾರಣೆ ನಡೆಯುವ ಕಡತವನ್ನು ಯಾರೂ ಮುಟ್ಟಬಾರದು. ಅದು ಕಡತವಲ್ಲ ಫ್ಲಾಪಿ, ಅರಗಿನ ಬಿಸಿ ತಾಗಿದರೆ ಹಾಳಾಗುತ್ತದೆ ಎಂದು ನಾನು ಆಡಿಕೊಂಡೆ. ಅವರು ಲಕೋಟೆಯ ತುದಿಯಲ್ಲಿ ಅರಗು ಒತ್ತಿದ್ದನ್ನು ತೋರಿಸಿದರು. ಫ್ಲಾಪಿ ಇನ್ನೊಂದು ತುದಿಯಲ್ಲಿತ್ತು.

ಆಪಾದನೆಯ ಪತ್ರವನ್ನು ಬೆರಳಚ್ಚು ಮಾಡಿದ್ದೂ ಆಯಿತು. ಅದನ್ನು ಡಾಕ್ಟ್ರ ಸಹಿಗೆ ಕಳಿಸಬೇಕಾದ ಮರುಳಸಿದ್ದಯ್ಯನವರು ಎರಡು ದಿನ ತಮ್ಮ ಮೇಜಿನಲ್ಲೇ ಇಟ್ಟುಕೊಂಡರು. ಮೂರನೇ ದಿನ ನನ್ನನ್ನು ಕರೆದು, “ಬೆಳಿಗ್ಗೆ ಪ್ಯಾಸೆಂಜರ್‌ಗೆ ಶಿವನಿಗೆ ಹೋಗಿ ಒಂದ್ಸಲ ಆ ದನ ನೋಡ್ಕಂಡ್ ಬಾರಮ್ಮ” ಎಂದರು. ದನ ನೋಡಿದರೆ ಏನು ಗೊತ್ತಾಗುತ್ತದೆ, ದಾಖಲೆ ಇಲ್ಲಿದೆಯಲ್ಲ ಎಂದೆ. “ಆಧಾರ ಕೇಳೋಳಲ್ವೇನಮ್ಮ ನೀನು?” ಎಂದರು.

ಶಿವನಿ ನಿಲ್ದಾಣದಲ್ಲಿ ಇಳಿದು, 412ರ ಮನೆ ಕೇಳಿಕೊಂಡು ಹೋದೆ. ಮನೆಯೊಡತಿ ಹಾಲಮ್ಮ, ಅರವತ್ತು ದಾಟಿದವರು, ಅಂಗಳದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ದನದ ಜಾತಕದ ಆಫೀಸಿನಿಂದ ಬಂದೆ ಎಂದಾಗ ಎದ್ದು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕರಿ ಹಸುವೊಂದು ಕರುವನ್ನು ನೆಕ್ಕುತ್ತ ನಿಂತಿತ್ತು. ಕಿವಿಯಲ್ಲಿ 412ರ ಬಿಲ್ಲೆ. ಆದರೆ ಅದು ನಮ್ಮ ತಂತಿಯ ಉಂಗುರದಲ್ಲಿರಲಿಲ್ಲ. ಕೆಂಪು ನೂಲಿನಲ್ಲಿ ಕಟ್ಟಿತ್ತು. ಕೊರಳಲ್ಲಿ ಹಳೆಯ ಗಂಟೆ.

ಇದಕ್ಕೆ ಎಷ್ಟು ಕರು ಎಂದು ಕೇಳಿದೆ. ಇದೇ ಚೊಚ್ಚಲು ಎಂದರು. ಸಂಕ್ರಾಂತಿಗೆ ಹಾಕಿದ್ದು? ಅದು ಇದರವ್ವ ಹಾಕಿದ್ದು, ಹಾಕಿ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು ಎಂದರು. ಅವ್ವನ ಬಿಲ್ಲೆ ಇದರ ಕಿವಿಗೆ ಹೇಗೆ ಬಂತು ಎಂದು ಕೇಳಿದೆ. ನನ್ನ ದನಿ ವಿಚಾರಣೆಯ ದನಿಯೇ ಇದ್ದಿರಬೇಕು. ಹಾಲಮ್ಮ ನನ್ನನ್ನು ಕನಿಕರದಿಂದ ನೋಡಿದರು.

“ಅಲ್ಲ ಕಣವ್ವ, ಅವ್ವ ಸತ್ಮೇಲೆ ಅವಳ ಓಲೆ ಮಗಳಿಗಲ್ದೆ ಯಾರಿಗ್ ಹಾಕಾನ ಮತ್ತೆ? ಮಣ್ಣಾಗ್ ಹೂಳಾಕಾಯ್ತದಾ? ಗಂಟೆನೂ ಅವಳ್ದೇ, ಹೆಸ್ರೂ ಅವಳ್ದೇ. ನಮ್ಮನೇಲಿ ಗೌರಿ ಅಂದ್ರೆ ನಮ್ಮತ್ತೆ ಕಾಲದಿಂದ ಗೌರಿನೇಯ.”

ಆ ಭಾಗದ ಮನೆಗಳಲ್ಲಿ ಹಸು ಸತ್ತರೆ ಅದರ ಗಂಟೆ, ಹೆಸರು, ಕೊಟ್ಟಿಗೆಯ ಗೂಟ ಹಿರಿಮಗಳಿಗೆ ಹೋಗುತ್ತದೆ. ನಾವು ಹಾಕಿದ ಬಿಲ್ಲೆ ಅವರ ಕಣ್ಣಿಗೆ ಸಂಖ್ಯೆಯಲ್ಲ, ಒಡವೆ. ತಾಯಿಯ ಓಲೆ ಮಗಳಿಗೆ. ಇನ್ನೂ ಐದು ಮನೆ ಸುತ್ತಿದೆ. ಐದರಲ್ಲೂ ನೂಲು, ಐದರಲ್ಲೂ ಅದೇ ಮಾತು. ನಮ್ಮ ಕೇಂದ್ರಗಳ ಪೈಕಿ ಶಿವನಿಯಲ್ಲೇ ಪಟ್ಟಿ ಉದ್ದವಾಗಿದ್ದದ್ದು ಯಾಕೆಂದೂ ತಿಳಿಯಿತು. ಬೇರೆ ಕಡೆಯ ಕಾಂಪೌಂಡರುಗಳು ಇಂಥ ಹಸು ಸಿಕ್ಕರೆ ಬಹುಮಟ್ಟಿಗೆ ಫಾರಂ ತುಂಬುವ ಗೋಜಿಗೇ ಹೋಗುತ್ತಿರಲಿಲ್ಲ. ಓಂಕಾರಪ್ಪ ಪ್ರತಿಯೊಂದಕ್ಕೂ ಹೋಗಿ, ನೋಡಿ, ಹೊಸ ವಯಸ್ಸು ಹೊಸ ಬಣ್ಣ ಬರೆದು, ಕಿವಿಯಲ್ಲಿದ್ದ ಸಂಖ್ಯೆಯನ್ನೇ ನಮೂದಿಸಿ ಕಳಿಸಿದ್ದರು. ತಾಯಿಯ ಕಾಲಮ್ಮಿನಲ್ಲೂ ಅದೇ ಸಂಖ್ಯೆ. ಅದನ್ನು ತಪ್ಪೆಂದು ತಿಳಿದು ಖಾಲಿ ಮಾಡಿದವಳು ನಾನು.

ಅದೇ ಊರಿನಲ್ಲಿದ್ದ ಓಂಕಾರಪ್ಪನವರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸಂಜೆಯ ಗಾಡಿ ಹತ್ತಿದೆ.

ಅಜ್ಜಂಪುರ ದಾಟುವವರೆಗೆ ಖುಷಿಯಲ್ಲೇ ಇದ್ದೆ, ಎಲ್ಲ ಸರಿಮಾಡಬಹುದು ಎಂದು. ಆಮೇಲೆ ನನ್ನೊಳಗಿನ ಎದುರಾಳಿ ಎದ್ದು ಕೂತಳು. ಹಾಲಮ್ಮನ ಮಾತು ಆಧಾರವೇ? ಕಾಂಪೌಂಡರು ಊರಿನವರನ್ನು ಹೇಳಿಕೊಟ್ಟು ನಿಲ್ಲಿಸಿದ್ದಾನೆ ಎಂದು ಯಾರಾದರೂ ಅಂದರೆ? ಸತ್ತ ಗೌರಿ ಇದ್ದಳು, ಅವಳ ವರದಿ ಆಗಲೇ ಬಂದಿತ್ತು ಎನ್ನಲು ಬರಹದ ಸಾಕ್ಷಿ ಎಲ್ಲಿದೆ? ಫಾರಂ ರದ್ದಿಗೆ ಹೋಗಿದೆ, ಕಂಪ್ಯೂಟರ್ ಬಂದಮೇಲೆ ರಿಜಿಸ್ಟರ್ ಬರೆಯುವುದೂ ನಿಂತಿದೆ. ಉಳಿದದ್ದು ಅಳಿಸಿದ ಸಾಲುಗಳು, ನಾನು ಕಸ ಎಂದಿದ್ದವು. ಗಾಡಿ ಬೀರೂರಿನಲ್ಲಿ ನಿಂತಿದ್ದಾಗ ಇನ್ನೊಂದು ನೆನಪಾಯಿತು. ವಿಚಾರಣೆಗೆ ಹಿಂದಿನ ಸೋಮವಾರ, ಫ್ಲಾಪಿಗಳಲ್ಲಿ ಜಾಗ ಸಾಲದೆ, ನಾನು ಒಂದೊಂದೇ ಫ್ಲಾಪಿ ತೆಗೆದು ಪ್ಯಾಕ್ ಕೊಡುತ್ತ ಕೂತಿದ್ದೆ, ಐದು ಮುಗಿಸಿ ಎದ್ದಿದ್ದೆ. ಕಡೂರು ಮಾಡಿದ್ದು ನೆನಪಿತ್ತು. ತರೀಕೆರೆ, ಲಕ್ಕವಳ್ಳಿ, ಚೌಳಹಿರಿಯೂರು ನೆನಪಿತ್ತು. ಐದನೆಯದು ಯಾವುದು? ಶಿವನಿಯದನ್ನು ಗುಡಿಸಿದ್ದೆನೋ ಇಲ್ಲವೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಬೀರೂರಿನಿಂದ ಕಡೂರಿಗೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ನಕ್ಷೆಗೆ ಹೊಂದುವುದಿಲ್ಲ.

ಮಾರನೇ ಬೆಳಿಗ್ಗೆ ಆಫೀಸು ತೆರೆಯುವ ಮುಂಚೆ ಬಾಗಿಲಲ್ಲಿದ್ದೆ. ಮರುಳಸಿದ್ದಯ್ಯನವರಿಗೆ ಎಲ್ಲ ಹೇಳಿದೆ, ಪ್ಯಾಕ್ ಮಾಡಿರಬಹುದು ಎಂಬುದನ್ನೂ. ಅವರು ಬೈಯಲಿಲ್ಲ. ಡಾಕ್ಟ್ರು ಬರಲಿ, ಅವರೆದುರಿಗೇ ಅರಗು ಒಡೆಯೋಣ ಎಂದರು. ಡಾಕ್ಟ್ರು ಬರಲು ಹನ್ನೊಂದಾಯಿತು. ಲಕೋಟೆ ಒಡೆದು, ಫ್ಲಾಪಿ ಹಾಕಿ, ಅಳಿಸಿದ್ದನ್ನೂ ತೋರಿಸು ಎಂಬ ಆಜ್ಞೆ ಕೊಟ್ಟು 412 ಎಂದು ಒತ್ತಿದೆ. ನಮ್ಮ ಆ ನಿಧಾನದ ಪ್ಯಾಕೇಜು ತನ್ನ ಪಾಡಿಗೆ ತಾನು ಗರಗರ ಎಂದು ಹುಡುಕಿತು.

ಎರಡು ಸಾಲು ಬಂದವು. ಒಂದು ಕರಿಹಸು, ಮೂರು ವರ್ಷ. ಅದರ ಮೇಲೆ, ಪಕ್ಕದಲ್ಲಿ ನಕ್ಷತ್ರ ಹೊತ್ತ ಇನ್ನೊಂದು: ಕಂದು ಹಸು, ಒಂಬತ್ತು ವರ್ಷ, ಬರೆದ ತಾರೀಖು ಎರಡು ವರ್ಷ ಹಿಂದಿನದು. ಸತ್ತ ಗೌರಿ.

ನಾನು ಕುರ್ಚಿಗೆ ಒರಗಿಬಿಟ್ಟೆ. ಮರುಳಸಿದ್ದಯ್ಯನವರೇ ಹಾಳೆ ನೋಡಿ ಒಂದೊಂದೇ ಸಂಖ್ಯೆ ಹೇಳಿದರು, ನಾನು ಒತ್ತುತ್ತ ಹೋದೆ. ಪಟ್ಟಿಯಲ್ಲಿದ್ದ ಪ್ರತಿಯೊಂದಕ್ಕೂ ನಕ್ಷತ್ರದ ತಾಯಿ ಸಿಕ್ಕಿತು. ಬೇರೆ ವಯಸ್ಸು, ಬೇರೆ ಬಣ್ಣ, ಯಾರೂ ವಿಚಾರಣೆಯ ಕನಸೂ ಕಂಡಿರದ ಕಾಲದ ತಾರೀಖು. ನಾನು ಬೇಡವೆಂದು ಗೊಣಗಿದ್ದ ಆ ಕಾಲಮ್ಮಿಗೆ ಡಾಕ್ಟ್ರ ಮುಂದೆ ಯಾರೂ ಮರುಮಾತಾಡುವಂತಿರಲಿಲ್ಲ. ನನ್ನ ಆಯ್ಕೆಯ ಪ್ಯಾಕೇಜು ಇದ್ದಿದ್ದರೆ ಹಳೆಯ ಸಾಲಿನ ಜಾಗದಲ್ಲೇ ಹೊಸದು ಕೂತು, ಗೌರಿ ಇದ್ದಳು ಎನ್ನಲು ಲೋಕದಲ್ಲಿ ಒಂದು ಚೂರು ಗುರುತೂ ಉಳಿಯುತ್ತಿರಲಿಲ್ಲ. ಅಂದು ಊಟದ ಹೊತ್ತಿಗೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಒಬ್ಬಳೇ ನಕ್ಕೆ. ಸೋತದ್ದಕ್ಕೆ ಅಷ್ಟು ಹಗುರವಾಗಿದ್ದು ಅದೊಂದೇ ಸಲ.

ನಾನು ಗುಡಿಸಿದ್ದ ಐದು ಫ್ಲಾಪಿಗಳ ತಾಯಂದಿರು ಹೋದದ್ದು ಹೋಯಿತು. ಅವನ್ನು ಊರೂರು ತಿರುಗಿ, ಮನೆಯವರ ನೆನಪಿನಿಂದ ಬರೆದುಕೊಳ್ಳಲು ಮುಂದಿನ ಬೇಸಿಗೆ ಪೂರ್ತಿ ಬೇಕಾಯಿತು. ತಿರುಗಿದವಳು ನಾನೇ, ಯಾರೂ ಹೇಳದೆಯೇ. ಲಕ್ಕವಳ್ಳಿಯ ಕಡೆ ಒಬ್ಬ ಯಜಮಾನರು ಏಳು ತಲೆಮಾರಿನ ಹಸುಗಳನ್ನು ಬೆರಳು ಮಡಚುತ್ತ ಹೇಳಿದರು. ಅಷ್ಟು ಬೇಗ ಹುಡುಕುವ ಪ್ಯಾಕೇಜನ್ನು ನಾನು ಆಮೇಲೆಯೂ ಕಂಡಿಲ್ಲ.

ಪ್ರೋಗ್ರಾಮನ್ನೂ ಬದಲಿಸಿದೆ. ಪ್ರತಿ ಹಸುವಿಗೂ ಒಳಗೇ ಒಂದು ಸಂಖ್ಯೆ, ಹೊರಗಿನ ಯಾರ ಕೈಗೂ ಸಿಗದ್ದು, ಸತ್ತರೂ ಇನ್ನೊಂದಕ್ಕೆ ಹೋಗದ್ದು. ಕಿವಿಯ ಬಿಲ್ಲೆ ಅದರ ಬಣ್ಣದ ಹಾಗೆ ಬದಲಾಗಬಹುದಾದ ಒಂದು ವಿವರ ಮಾತ್ರ. ಫಾರಂನಲ್ಲಿ ಹೊಸ ಕಾಲಂ ಬಂತು: ‘ಓಲೆ ಯಾರದು’. ತಾಯಿಯ ಸಾಲು ಅದರಿಂದ ಮೊದಲಿಗಿಂತ ಸ್ಪಷ್ಟವಾಯಿತು. ಹೊಸಬರಿಗೆ ನನ್ನ ಒಂದೇ ತಾಂತ್ರಿಕ ಸಲಹೆ ಇದು: ಜನರ ಕೈಯಲ್ಲಿ ಓಡಾಡುವ ಯಾವುದನ್ನೂ ದಾಖಲೆ ಗುರುತಿಸುವ ನಿಮ್ಮ ಕೀಲಿಯಾಗಿ ಇಟ್ಟುಕೊಳ್ಳಬೇಡಿ. ಅವರು ಅದನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತಾರೆ, ಅದು ಅವರ ಹಕ್ಕು.

ಆಪಾದನೆಯ ಪತ್ರವನ್ನು ಡಾಕ್ಟ್ರು ಹರಿಯಲು ಹೋದರು. ಮರುಳಸಿದ್ದಯ್ಯನವರು ತಡೆದು, ಕೆಂಪು ಗೆರೆ ಎಳೆದು, ಸಹಿ ಹಾಕಿಸಿ, ಕಡತಕ್ಕೆ ಸೇರಿಸಿದರು.

ಇಲ್ಲಿಗೆ ಮುಗಿಸಿಬಿಡಬಹುದಿತ್ತು. ಆದರೆ ಒಂದು ತೊಡಕು ಉಳಿದಿದೆ. ಕಡತ ಮುಚ್ಚುವ ಮೊದಲು ಯೋಜನೆಯ ನಿಯಮಗಳನ್ನು ತಿರುವಿದಾಗ ಒಂದು ಸಾಲು ಕಣ್ಣಿಗೆ ಬಿತ್ತು: ಬಿಲ್ಲೆಯನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ಬದಲಿಸಿದ ಮನೆಯ ಹೆಸರನ್ನು ಯೋಜನೆಯಿಂದ ತೆಗೆಯತಕ್ಕದ್ದು. ಹೆಸರು ತೆಗೆದರೆ ಆ ಮನೆಯ ಹಸುಗಳಿಗೆ ಲಸಿಕೆ ಇಲ್ಲ, ಕಾಂಪೌಂಡರು ಬರುವಂತಿಲ್ಲ. ಶಿವನಿಯ ಪಟ್ಟಿಯಲ್ಲಿದ್ದ ಅಷ್ಟೂ ಮನೆ ಹೋಗುತ್ತಿತ್ತು. ಮರುಳಸಿದ್ದಯ್ಯನವರು ಅದಕ್ಕೊಂದು ಟಿಪ್ಪಣಿ ಬರೆದು, ಇದು ಬದಲಿಸಿದ್ದಲ್ಲ, ವಾರಸುದಾರಿಕೆಯಿಂದ ಬಂದದ್ದು ಎಂದು ದಾಟಿಸಿದರು. ಅಷ್ಟು ಒಳ್ಳೆಯ ವಾದವನ್ನು ನಾನು ಯಾವ ಸ್ಪರ್ಧೆಯಲ್ಲೂ ಕೇಳಿರಲಿಲ್ಲ. ಆದರೆ ವಿಚಾರಣೆಯ ದಿನ ಆ ಟಿಪ್ಪಣಿ ಇರಲಿಲ್ಲ, ನಿಯಮ ಇತ್ತು. ಹನ್ನೊಂದು ವರ್ಷ ಅದೇ ನಿಯಮದ ಕೆಳಗೆ ದುಡಿದ ಓಂಕಾರಪ್ಪನವರಿಗೆ ಅದು ತಿಳಿಯದೇ ಇದ್ದೀತೇ?

ಖಾಯಂ ಆದೇಶ ತೆಗೆದುಕೊಳ್ಳಲು ಅವರು ಕಡೂರಿಗೆ ಬಂದರು. ನಾನು ಕ್ಷಮೆ ಕೇಳಿದೆ. ಬಿಡಿ ಮೇಡಂ, ಲಸಿಕೆ ಹಾಕುವ ಕಾಲ ಬಂತು, ಔಷಧಿ ಕಳಿಸಿಕೊಡಿ ಎಂದರು. ನಿಲ್ದಾಣದವರೆಗೆ ಜೊತೆಗೆ ನಡೆದೆ. ಶಿವನಿಯ ಕಡೆಯ ಗಾಡಿ ಬಂದು ನಿಂತಿತು. ಅವರು ಆದೇಶದ ಲಕೋಟೆಯನ್ನು ಅಂಗಿಯೊಳಗೆ ಸೇರಿಸಿ, ಹತ್ತಿ, ಕಿಟಕಿಯ ಬಳಿ ಕೂತರು. ಇನ್ನು ತಡೆಯಲಾಗದೆ ಕಿಟಕಿಯ ಸರಳು ಹಿಡಿದು ಕೇಳಿದೆ. ಅವರು ನನ್ನನ್ನೇ ನೋಡುತ್ತಿದ್ದರು; ಗಾಡಿ ಹೊರಟಿತು; ಉತ್ತರ ಬರಲಿಲ್ಲ, ಆಮೇಲಿನ ವರ್ಷಗಳಲ್ಲೂ ಬರಲಿಲ್ಲ. ನನ್ನ ಪ್ರಶ್ನೆ ಇಷ್ಟೇ ಆಗಿತ್ತು:

“ಆವತ್ತು ನೀವು ಬಾಯಿ ಬಿಡದೇ ಇದ್ದಿದ್ದು ಹಾಲಮ್ಮನಂಥೋರ ಹೆಸರು ಹೊಡೆದುಹಾಕ್ತಾರೆ ಅಂತಾನಾ, ಇಲ್ಲಾ ಈ ಹುಡುಗಿ ಹೇಳಿದ್ರೂ ಕೇಳಿಸ್ಕೊಳ್ಳೋಳಲ್ಲ ಅಂತಾನಾ, ಓಂಕಾರಪ್ಪನೋರೆ?”